ಥರ್ಮಲ್ ಕ್ಯಾಮೆರಾಕ್ಕೆ ಕೈನಡುಕವೇ ಕನ್ನಡಕ

ದೋಸೆ ಹೊಯ್ದು ಮುಗಿದ ಮೇಲೆ ಕಾವಲಿಯನ್ನು ಒಲೆಯಿಂದ ಇಳಿಸಿ ಗೋಡೆಗೆ ಒರಗಿಸಿಟ್ಟೆ. ಎಣ್ಣೆ ಕುಡಿದು ಕಪ್ಪಾದ ಕಬ್ಬಿಣದ ಕಾವಲಿ, ಇನ್ನೂ ಕೈ ಇಡಲಾಗದಷ್ಟು ಬಿಸಿ. ಅದರ ಮುಂದೆ ನಾಲ್ಕು ಬೆರಳು ಅಂತರದಲ್ಲಿ, ಎರಡು ಪುಸ್ತಕಗಳ ನಡುವೆ ಒಂದು ಪ್ಲಾಸ್ಟಿಕ್ ಬಾಚಣಿಗೆ ಸಿಕ್ಕಿಸಿದೆ. ಆಮೇಲೆ ಫೋನಿಗೆ ಜೋಡಿಸುವ, ಬಿಸಿಯನ್ನೇ ಚಿತ್ರವಾಗಿ ತೋರಿಸುವ ಪುಟ್ಟ ಥರ್ಮಲ್ ಕ್ಯಾಮೆರಾ ತೆಗೆದುಕೊಂಡು ಸುಮಾರು 20 ಸೆಂಟಿಮೀಟರ್ ದೂರದಿಂದ ನೋಡಿದೆ. ಬಾಚಣಿಗೆಯಲ್ಲಿ 2 ಮಿಲಿಮೀಟರ್‌ಗೊಂದು ಹಲ್ಲು. ನಾನು ಗುರುತು ಹಾಕಿಕೊಂಡ 4 ಸೆಂಟಿಮೀಟರ್ ಜಾಗದಲ್ಲಿ ಸರಿಯಾಗಿ 20 ಹಲ್ಲುಗಳಿದ್ದವು. ಪರದೆಯ ಮೇಲೆ ಕಂಡದ್ದು ಹತ್ತೇ ಹತ್ತು ಪಟ್ಟಿ. ಮಸುಕು, ದಪ್ಪ, ಆದರೆ ಅಚ್ಚುಕಟ್ಟಾಗಿ ಸಾಲಾಗಿದ್ದವು. ಬಾಚಣಿಗೆಯನ್ನು ಮೊದಲೇ ನೋಡಿರದಿದ್ದರೆ ಅವೇ ನಿಜವಾದ ಹಲ್ಲುಗಳು ಅಂತ ನಂಬಿಬಿಡುತ್ತಿದ್ದೆ.

ಬಾಚಣಿಗೆಯನ್ನು ನಿಧಾನಕ್ಕೆ ಬಲಕ್ಕೆ ಸರಿಸಿದೆ. ಪಟ್ಟಿಗಳು ಎಡಕ್ಕೆ ಹೋದವು.

ಸಿನಿಮಾದಲ್ಲಿ ಓಡುವ ಗಾಡಿಯ ಚಕ್ರ ಹಿಂದಕ್ಕೆ ತಿರುಗಿದಂತೆ ಕಾಣುತ್ತದಲ್ಲ, ಇದೂ ಅದೇ ಸಂಗತಿ. ಅಲ್ಲಿ ಕ್ಯಾಮೆರಾ ಸೆಕೆಂಡಿಗೆ ಇಷ್ಟೇ ಸಲ ಅಂತ ಬಿಟ್ಟುಬಿಟ್ಟು ನೋಡುತ್ತದೆ, ಇಲ್ಲಿ ಮಿಲಿಮೀಟರ್‌ಗೆ ಇಷ್ಟೇ ಸಲ ಅಂತ ಬಿಟ್ಟುಬಿಟ್ಟು ನೋಡುತ್ತದೆ. ಆ 20 ಸೆಂಟಿಮೀಟರ್ ದೂರದಲ್ಲಿ ನನ್ನ ಕ್ಯಾಮೆರಾದ ಒಂದೊಂದು ಪಿಕ್ಸೆಲ್ ಸುಮಾರು 1.36 ಮಿಲಿಮೀಟರ್ ಅಗಲದ ಜಾಗವನ್ನು ನೋಡುತ್ತದೆ. ಒಂದು ಹಲ್ಲು, ಪಕ್ಕದ ಒಂದು ಸಂದು, ಇವೆರಡನ್ನು ಬೇರೆಬೇರೆಯಾಗಿ ತೋರಿಸಬೇಕಾದರೆ ಕನಿಷ್ಠ ಎರಡು ಪಿಕ್ಸೆಲ್ ಬೇಕು. ಸಿಗುತ್ತಿರುವುದು ಒಂದೂವರೆ. ಹಾಗಾಗಿ ಸಣ್ಣ ಸಾಲು ದೊಡ್ಡ ಸಾಲಿನ ವೇಷ ಹಾಕಿಕೊಂಡು ಬರುತ್ತದೆ. ಇದಕ್ಕೆ ಏಲಿಯಾಸಿಂಗ್ ಅನ್ನುತ್ತಾರೆ.

ಏಲಿಯಾಸಿಂಗ್ ಅಂದರೆ ಒಂದು ದೋಷ ಅಂತಲೇ ಎಲ್ಲರೂ ಹೇಳುತ್ತಾರೆ. ನನಗೆ ಮಾತ್ರ ಅದು ಒಳ್ಳೆಯ ಸುದ್ದಿ ಅನ್ನಿಸುತ್ತದೆ. ಹಲ್ಲುಗಳ ವಿವರ ಕಳೆದುಹೋಗಿದ್ದರೆ ಬರೀ ಬೂದು ಬಣ್ಣ ಕಾಣಬೇಕಿತ್ತು. ಪಟ್ಟಿ ಕಾಣುತ್ತಿದೆ, ಅದೂ ತಿರುಗುಮುರುಗಾಗಿ ಓಡುತ್ತಿದೆ ಅಂದರೆ ಲೆನ್ಸ್ ಆ ವಿವರವನ್ನು ಸೆನ್ಸರ್‌ವರೆಗೆ ತಂದು ಮುಟ್ಟಿಸಿದೆ, ಸೆನ್ಸರ್‌ಗೆ ಮಾತ್ರ ಅದನ್ನು ಎಣಿಸಲು ಬಂದಿಲ್ಲ. ಹಾಗಾದರೆ ಲೆಕ್ಕ ಹಾಕಿ ಅದನ್ನು ವಾಪಸ್ ಪಡೆಯಬಹುದು. ಕಂಪ್ಯೂಟೇಷನಲ್ ಇಮೇಜಿಂಗ್ ಅನ್ನುವ ದೊಡ್ಡ ಹೆಸರಿನ ಹಿಂದಿರುವ ಯೋಚನೆ ಇದೇ: ಚಿತ್ರವನ್ನು ಕ್ಯಾಮೆರಾ ಒಂದೇ ತೆಗೆಯಬೇಕಾಗಿಲ್ಲ, ಅರ್ಧ ಕೆಲಸ ಕ್ಯಾಮೆರಾದ್ದು, ಇನ್ನರ್ಧ ಗಣಿತದ್ದು.

ಮೊದಲು ಒಂದು ಪ್ರಶ್ನೆ ಬಗೆಹರಿಸಿಕೊಳ್ಳೋಣ. ಸಾಮಾನ್ಯ ಫೋನಿನಲ್ಲೇ 5 ಕೋಟಿ ಪಿಕ್ಸೆಲ್ ಇರುವ ಈ ಕಾಲದಲ್ಲಿ ಥರ್ಮಲ್ ಕ್ಯಾಮೆರಾ ಯಾಕೆ ಇಷ್ಟು ಬಡವ? ಫೋನಿಗೆ ಜೋಡಿಸುವ ಇಂಥ ಕ್ಯಾಮೆರಾಗಳಲ್ಲಿ ಹೆಸರುವಾಸಿಯಾದ ಫ್ಲಿರ್ ಲೆಪ್ಟಾನ್ 3.5 ಸೆನ್ಸರ್‌ನಲ್ಲಿ 160 × 120, ಅಂದರೆ ಒಟ್ಟು 19,200 ಪಿಕ್ಸೆಲ್ ಅಷ್ಟೇ. ಮೆಲೆಕ್ಸಿಸ್ ಕಂಪನಿಯ ಅಗ್ಗದ ಒಂದು ಸೆನ್ಸರ್‌ನಲ್ಲಿ 32 × 24, ಅಂದರೆ 768. ಇದು ಯಾರದೋ ಜಿಪುಣತನ ಅಲ್ಲ, ಬೆಳಕಿನ ಗುಣವೇ ಹಾಗಿದೆ.

ನಮ್ಮ ಮೈ, ಗೋಡೆ, ಮರ, ಕುರ್ಚಿ, ಎಲ್ಲವೂ ಸದಾ ಅವಕೆಂಪು ಬೆಳಕನ್ನು, ಅಂದರೆ ಇನ್‌ಫ್ರಾರೆಡ್ ಬೆಳಕನ್ನು ಹೊಮ್ಮಿಸುತ್ತಲೇ ಇರುತ್ತವೆ. ಕೋಣೆಯ ಬಿಸಿಯಲ್ಲಿರುವ ವಸ್ತು ಹೊಮ್ಮಿಸುವ ಈ ಬೆಳಕು ಹೆಚ್ಚು ಪ್ರಬಲವಾಗಿರುವುದು ಸುಮಾರು 10 ಮೈಕ್ರಾನ್ ತರಂಗದೂರದಲ್ಲಿ (ಮಿಲಿಮೀಟರ್‌ನ ಸಾವಿರನೇ ಒಂದು ಭಾಗವೇ ಒಂದು ಮೈಕ್ರಾನ್). ಕಣ್ಣಿಗೆ ಕಾಣುವ ಹಸಿರು ಬೆಳಕಿನದು ಅರ್ಧ ಮೈಕ್ರಾನ್. ಇಪ್ಪತ್ತು ಪಟ್ಟು ವ್ಯತ್ಯಾಸ! ಎಷ್ಟೇ ಒಳ್ಳೆಯ ಲೆನ್ಸ್ ಆದರೂ ಒಂದು ಚುಕ್ಕೆಯನ್ನು ಚುಕ್ಕೆಯಾಗಿಯೇ ಮೂಡಿಸಲಾರದು, ಅದನ್ನು ಸ್ವಲ್ಪ ಹರಡಿಬಿಡುತ್ತದೆ. ತರಂಗದೂರ ಹೆಚ್ಚಿದಷ್ಟೂ ಹರಡುವಿಕೆಯೂ ಜಾಸ್ತಿ. ಎಫ್/1.1 ಅನ್ನುವ ಅಗಲ ಬಾಯಿಯ ಲೆನ್ಸ್‌ನಲ್ಲಿ 10 ಮೈಕ್ರಾನ್ ಬೆಳಕಿನ ಚುಕ್ಕೆ ಸೆನ್ಸರ್ ಮೇಲೆ ಸುಮಾರು 27 ಮೈಕ್ರಾನ್ ಅಗಲಕ್ಕೆ ಹರಡುತ್ತದೆ. ಫೋನ್ ಕ್ಯಾಮೆರಾದಲ್ಲಿ ಒಂದು ಪಿಕ್ಸೆಲ್ ಸುಮಾರು 1 ಮೈಕ್ರಾನ್ ಇರುತ್ತದೆ. ಥರ್ಮಲ್‌ನಲ್ಲಿ ಅಷ್ಟು ಸಣ್ಣ ಪಿಕ್ಸೆಲ್ ಮಾಡಿ ಏನು ಬಂತು? ಒಂದೇ ಚುಕ್ಕೆಯನ್ನು ನೂರಾರು ಪಿಕ್ಸೆಲ್‌ಗಳು ಹಂಚಿಕೊಂಡು ಕೂರುತ್ತವೆ.

ಪಿಕ್ಸೆಲ್ ಕೂಡ ಬೇರೆಯದೇ ಜಾತಿ. ಫೋನಿನದು ಬೆಳಕಿನ ಕಣಗಳನ್ನು ಎಣಿಸುತ್ತದೆ. ಇದರಲ್ಲಿ ಪ್ರತಿ ಪಿಕ್ಸೆಲ್ ಒಂದು ಪುಟಾಣಿ ಅಟ್ಟ. ಕೆಳಗಿನ ಸಿಲಿಕಾನ್‌ನಿಂದ ಒಂದೆರಡು ಮೈಕ್ರಾನ್ ಮೇಲೆ ಎರಡು ಸಣಕಲು ಕಾಲುಗಳ ಮೇಲೆ ನಿಂತಿರುತ್ತದೆ, ಸುತ್ತ ಗಾಳಿಯಿಲ್ಲದ ನಿರ್ವಾತ. ಬೆಳಕು ಬಿದ್ದರೆ ಅಟ್ಟ ಬಿಸಿಯಾಗುತ್ತದೆ, ಬಿಸಿಯಾದರೆ ಅದರ ಮೇಲಿನ ವೆನೇಡಿಯಂ ಆಕ್ಸೈಡ್ ಪದರದ ವಿದ್ಯುತ್ ರೋಧ ಬದಲಾಗುತ್ತದೆ, ಆ ಬದಲಾವಣೆಯನ್ನು ಅಳೆಯುತ್ತಾರೆ. ಎದುರಿನ ವಸ್ತು 1 ಡಿಗ್ರಿ ಬಿಸಿಯಾದರೆ ಅಟ್ಟ ಬಿಸಿಯಾಗುವುದು ಡಿಗ್ರಿಯ ನೂರನೇ ಒಂದು ಭಾಗದಷ್ಟು, ಎಷ್ಟೋ ಸಲ ಅದಕ್ಕೂ ಕಡಿಮೆ. ಇದಕ್ಕೆ ಮೈಕ್ರೋಬೊಲೋಮೀಟರ್ ಅಂತ ಹೆಸರು. 1980ರ ದಶಕದಲ್ಲಿ ಅಮೆರಿಕದ ಹನಿವೆಲ್ ಕಂಪನಿ ಅಲ್ಲಿನ ಸೇನೆಯ ಹಣದಲ್ಲಿ ಗುಟ್ಟಾಗಿ ಮಾಡಿದ ಕೆಲಸ ಇದು, 1992ರಲ್ಲಿ ಬಯಲಿಗೆ ಬಂತು. ಆಗ ಒಂದು ಪಿಕ್ಸೆಲ್ 50 ಮೈಕ್ರಾನ್ ಇತ್ತು. ಆಮೇಲೆ 25, 17, ಈಗ 12. ಅದಕ್ಕಿಂತ ಸಣ್ಣದನ್ನೂ ಮಾಡುತ್ತಿದ್ದಾರೆ. ಆದರೆ ಅಟ್ಟ ಸಣ್ಣದಾದಷ್ಟೂ ಅದಕ್ಕೆ ಬೀಳುವ ಬೆಳಕು ಕಡಿಮೆ, ಗದ್ದಲ, ಅಂದರೆ ಅಳತೆಯಲ್ಲಿ ಬೆರೆಯುವ ಸುಳ್ಳು ಏರಿಳಿತ, ಜಾಸ್ತಿ.

ಹೀಗೆ ಪಿಕ್ಸೆಲ್ ಕಡಿಮೆ ಇರುವುದರಿಂದ ಆಗುವ ತೊಂದರೆ ಬರೀ ಚಿತ್ರದ ಚಂದದ್ದಲ್ಲ. ಥರ್ಮಲ್ ಕ್ಯಾಮೆರಾ ಬಹಳ ಜನ ಬಳಸುವುದು ಎಲೆಕ್ಟ್ರಿಕಲ್ ಪ್ಯಾನೆಲ್ ನೋಡಲು, ಯಾವ ಸ್ಕ್ರೂ ಸಡಿಲಾಗಿ ಬಿಸಿಯಾಗುತ್ತಿದೆ ಅಂತ ಹಿಡಿಯಲು. 160 ಪಿಕ್ಸೆಲ್, 57 ಡಿಗ್ರಿ ಅಗಲದ ನೋಟ ಇರುವ ಕ್ಯಾಮೆರಾವನ್ನು 1 ಮೀಟರ್ ದೂರದಲ್ಲಿ ಹಿಡಿದರೆ ಒಂದು ಪಿಕ್ಸೆಲ್ ಸುಮಾರು 6.8 ಮಿಲಿಮೀಟರ್ ಅಗಲ ನೋಡುತ್ತದೆ. ಸ್ಕ್ರೂವಿನ ತಲೆ 3 ಮಿಲಿಮೀಟರ್ ಅಂತಿಟ್ಟುಕೊಳ್ಳಿ, ಅದು 90 ಡಿಗ್ರಿ ಕಾದಿದೆ, ಸುತ್ತಲಿನದು 35 ಡಿಗ್ರಿ. ಪಿಕ್ಸೆಲ್‌ನ ಐದನೇ ಒಂದು ಭಾಗಕ್ಕಿಂತಲೂ ಕಡಿಮೆ ಜಾಗದಲ್ಲಿ ಸ್ಕ್ರೂ ಇದೆ. ಕ್ಯಾಮೆರಾ ಎಲ್ಲವನ್ನೂ ಕಲಸಿ ಸರಾಸರಿ ತೆಗೆದು ತೋರಿಸುವ ಅಂಕಿ 50 ಡಿಗ್ರಿಯನ್ನೂ ಮುಟ್ಟುವುದಿಲ್ಲ. ಸುಟ್ಟುಹೋಗಲು ಸಿದ್ಧವಾದ ಜಾಗ 'ಸ್ವಲ್ಪ ಬೆಚ್ಚಗಿದೆ' ಅಂತ ಕಾಣುತ್ತದೆ. ರೆಸಲ್ಯೂಷನ್ ಕಡಿಮೆಯಾದರೆ ಚಿತ್ರ ಮಸುಕಾಗುವುದಷ್ಟೇ ಅಲ್ಲ, ತಾಪಮಾನವೇ ತಪ್ಪಾಗುತ್ತದೆ. ಸಾಧ್ಯವಾದ ಕಡೆ ಹತ್ತಿರ ಹೋಗಿ ನೋಡುವುದೇ ಮೊದಲ ಮದ್ದು. ವಿದ್ಯುತ್ ಹರಿಯುವ ಪ್ಯಾನೆಲ್‌ಗೆ ಎಲ್ಲ ಸಲವೂ ಹತ್ತಿರ ಹೋಗಲಾಗದು, ಹೋಗಲೂಬಾರದು.

ಹಾಗಾದರೆ ಲೆಕ್ಕದಿಂದ ಏನು ಮಾಡಬಹುದು? ಸೆನ್ಸರ್ ಅರ್ಧ ಪಿಕ್ಸೆಲ್ ಪಕ್ಕಕ್ಕೆ ಸರಿದರೆ ಅದು ನೋಡುವ ಜಾಗಗಳೂ ಅರ್ಧ ಪಿಕ್ಸೆಲ್ ಸರಿಯುತ್ತವೆ. ಹಳೆಯ ಅಳತೆಗಳ ನಡುವಿನ ಖಾಲಿ ಜಾಗದಲ್ಲಿ ಹೊಸ ಅಳತೆ ಬಂದು ಕೂರುತ್ತದೆ. ಅಡ್ಡಕ್ಕೆ ಅರ್ಧ, ಉದ್ದಕ್ಕೆ ಅರ್ಧ, ಎರಡೂ ಕಡೆ ಅರ್ಧ, ಮೂಲ ಸ್ಥಾನ ಸೇರಿ ನಾಲ್ಕು ಚಿತ್ರ. ನಾಲ್ಕನ್ನೂ ಹೆಣೆದರೆ 160 × 120 ಹೋಗಿ 320 × 240 ಆಗುತ್ತದೆ. ದುಬಾರಿ ಕ್ಯಾಮೆರಾಗಳಲ್ಲಿ ಹೀಗೆ ಸರಿಸಲೆಂದೇ ಒಂದು ಸಣ್ಣ ಯಂತ್ರ ಇರುತ್ತದೆ. ಅದನ್ನು ಮೈಕ್ರೋಸ್ಕ್ಯಾನಿಂಗ್ ಅನ್ನುತ್ತಾರೆ. ಆ ಯಂತ್ರ ಇಲ್ಲದವರಿಗೆ ದೇವರು ಕೊಟ್ಟ ಕೈಯಿದೆ. ಎಷ್ಟೇ ಗಟ್ಟಿಯಾಗಿ ಹಿಡಿದರೂ ಕೈ ನಡುಗುತ್ತದೆ, ಆ ನಡುಕ ಎರಡು ಚಿತ್ರಗಳ ನಡುವೆ ಎಲ್ಲೋ ಒಂದೂಕಾಲು, ಎಲ್ಲೋ ಮುಕ್ಕಾಲು ಪಿಕ್ಸೆಲ್ ಅಂತ ಮನಬಂದಂತೆ ಸರಿಸುತ್ತದೆ. ಎಷ್ಟು ಸರಿಯಿತು ಅನ್ನುವುದನ್ನು ಚಿತ್ರಗಳನ್ನೇ ಒಂದಕ್ಕೊಂದು ಹೋಲಿಸಿ ಕಂಡುಹಿಡಿದರೆ ಮುಗಿಯಿತು, ಪ್ರತಿ ಪಿಕ್ಸೆಲ್‌ನ ಅಳತೆಯನ್ನೂ ಅದರದರ ನಿಜವಾದ ಜಾಗದಲ್ಲಿ ಇಟ್ಟುಬಿಡಬಹುದು.

ಇದು ಇವತ್ತಿನ ಯೋಚನೆ ಅಲ್ಲ. 1984ರಲ್ಲೇ ರೋಜರ್ ತ್ಸಾಯ್ ಮತ್ತು ಥಾಮಸ್ ಹುವಾಂಗ್ ಅನ್ನುವವರು ಒಂದೇ ಜಾಗದ ಹಲವು ಉಪಗ್ರಹ ಚಿತ್ರಗಳಿಂದ ಒಂದು ಒಳ್ಳೆಯ ಚಿತ್ರ ಮಾಡುವ ಲೆಕ್ಕ ಬರೆದಿದ್ದರು. 1995ರಲ್ಲಿ ಹಬಲ್ ದೂರದರ್ಶಕ ಆಕಾಶದ ಒಂದು ಚೂರನ್ನು ಹತ್ತು ದಿನ ದಿಟ್ಟಿಸಿ 342 ಚಿತ್ರ ತೆಗೆಯಿತು, ನಡುನಡುವೆ ಬೇಕಂತಲೇ ಚೂರು ಚೂರು ಪಕ್ಕಕ್ಕೆ ಸರಿಯುತ್ತಾ. ಅವನ್ನು ಹೆಣೆಯಲು ಆಂಡ್ರ್ಯೂ ಫ್ರುಕ್ಟರ್ ಮತ್ತು ರಿಚರ್ಡ್ ಹುಕ್ ಮಾಡಿದ ವಿಧಾನದ ಹೆಸರು ಡ್ರಿಜಲ್, ಅಂದರೆ ಜಿಟಿಜಿಟಿ ಮಳೆ. ಸಣ್ಣ ಚೌಕಗಳ ಹಾಳೆಯ ಮೇಲೆ ಪ್ರತಿ ಅಳತೆಯನ್ನೂ ಒಂದು ಹನಿಯಂತೆ ಅದು ಬೀಳಬೇಕಾದ ಕಡೆಗೇ ಬೀಳಿಸುವುದು. ಹೆಸರೇ ವಿವರಣೆ, ಅಲ್ವಾ? ಈಗ ಟೆಸ್ಟೋ, ಫ್ಲಿರ್ ಮುಂತಾದ ಕಂಪನಿಗಳ ಕೈಕ್ಯಾಮೆರಾಗಳು ಕೈನಡುಕವನ್ನೇ ಬಳಸಿ ಇದನ್ನು ಮಾಡುತ್ತವೆ. ಡಬ್ಬಿಯ ಮೇಲೆ '4 ಪಟ್ಟು ಪಿಕ್ಸೆಲ್' ಅಂತ ಇದ್ದರೆ ಅಡ್ಡಕ್ಕೆ ಎರಡು ಪಟ್ಟು, ಉದ್ದಕ್ಕೆ ಎರಡು ಪಟ್ಟು ಅಂತ ಅರ್ಥ ಮಾಡಿಕೊಳ್ಳಿ.

ಎರಡೇ ಪಟ್ಟು ಯಾಕೆ, ನೂರು ಚಿತ್ರ ತೆಗೆದು ಹತ್ತು ಪಟ್ಟು ಮಾಡಬಾರದಾ? ಆಗುವುದಿಲ್ಲ. ಇಲ್ಲಿ ಲೆನ್ಸ್ ಅಡ್ಡ ಬರುತ್ತದೆ. ಎಫ್/1.1 ಲೆನ್ಸ್ 10 ಮೈಕ್ರಾನ್ ಬೆಳಕಿನಲ್ಲಿ ದಾಟಿಸಬಲ್ಲ ಅತಿ ಸಣ್ಣ ಪಟ್ಟೆ-ಸಂದಿನ ಜೋಡಿ ಸೆನ್ಸರ್ ಮೇಲೆ 11 ಮೈಕ್ರಾನ್ ಅಗಲ ಇರುತ್ತದೆ. ಅದಕ್ಕಿಂತ ಸಣ್ಣದನ್ನು ಅದು ದಾಟಿಸುವುದೇ ಇಲ್ಲ. 12 ಮೈಕ್ರಾನ್ ಪಿಕ್ಸೆಲ್ ಇರುವ ಸೆನ್ಸರ್ ಹಿಡಿಯಬಲ್ಲ ಅತಿ ಸಣ್ಣ ಜೋಡಿ 24 ಮೈಕ್ರಾನ್. 24ನ್ನು 11ರಿಂದ ಭಾಗಿಸಿದರೆ 2.2. ಅಷ್ಟೇ, ಅದೇ ಗಡಿ. ನನ್ನ ಬಾಚಣಿಗೆಯ ಹಲ್ಲುಗಳು ಈ ಎರಡರ ನಡುವೆ ಇದ್ದವು, ಅದಕ್ಕೇ ಅವು ವೇಷ ಹಾಕಿಕೊಂಡಾದರೂ ಕಂಡವು. ಬಾಚಣಿಗೆಯನ್ನು ಅರ್ಧ ಮೀಟರ್ ದೂರಕ್ಕೆ ಒಯ್ದಾಗ ಬರೀ ಬೂದು ಬಣ್ಣ ಕಂಡಿತು. ಅಲ್ಲಿ ಯಾವ ಗಣಿತವೂ ಕೆಲಸ ಮಾಡುವುದಿಲ್ಲ, ಯಾಕೆಂದರೆ ಹಲ್ಲಿನ ಸುದ್ದಿ ಸೆನ್ಸರ್‌ವರೆಗೆ ಬಂದೇ ಇಲ್ಲ.

ಈ ಅಲುಗಾಟದಿಂದ ಇನ್ನೊಂದು ಲಾಭ ಇದೆ, ನನ್ನ ಮಟ್ಟಿಗೆ ಅದೇ ದೊಡ್ಡದು. ಥರ್ಮಲ್ ಕ್ಯಾಮೆರಾ ಬಳಸಿದವರಿಗೆ ಆಗಾಗ ಬರುವ 'ಟಿಕ್' ಶಬ್ದ ಗೊತ್ತಿರುತ್ತದೆ. ಚಿತ್ರ ಒಂದು ಕ್ಷಣ ನಿಂತು ಮತ್ತೆ ಶುರುವಾಗುತ್ತದೆ. ಆ ಸಾವಿರಾರು ಅಟ್ಟಗಳಲ್ಲಿ ಒಂದು ಇದ್ದಂತೆ ಇನ್ನೊಂದಿಲ್ಲ. ಒಂದೇ ಬಿಸಿ ಬಿದ್ದರೂ ಒಂದು ಸ್ವಲ್ಪ ಹೆಚ್ಚು ಹೇಳುತ್ತದೆ, ಪಕ್ಕದ್ದು ಕಡಿಮೆ ಹೇಳುತ್ತದೆ. ಕ್ಯಾಮೆರಾದ ಮೈ ಬಿಸಿಯಾದಂತೆ ಈ ವ್ಯತ್ಯಾಸಗಳೂ ಬದಲಾಗುತ್ತವೆ. ಹಾಗಾಗಿ ಕ್ಯಾಮೆರಾ ತನ್ನ ಕಣ್ಣಿನ ಮುಂದೆ ಒಂದು ಸಣ್ಣ ತಗಡನ್ನು ಸರಿಸಿ, ಎಲ್ಲರೂ ಒಂದೇ ಅಂಕಿ ಹೇಳಿ ಅಂತ ಹಾಜರಿ ತೆಗೆದುಕೊಳ್ಳುತ್ತದೆ. ಆ ತಗಡು ಸರಿಯುವ ಸದ್ದೇ ಟಿಕ್. ಎರಡು ಟಿಕ್‌ಗಳ ನಡುವೆ ಮತ್ತೆ ಕಲೆಗಳು, ಗೆರೆಗಳು ಮೆಲ್ಲಗೆ ತಲೆ ಎತ್ತುತ್ತವೆ.

ಬಸ್ಸಿನ ಕಿಟಕಿಯ ಗಾಜಿನಲ್ಲಿ ಕಲೆ ಇದೆ ಅಂದುಕೊಳ್ಳಿ. ಬಸ್ಸು ನಿಂತಿದ್ದರೆ ಅದು ಗಾಜಿನ ಕಲೆಯೋ ಹೊರಗಿನ ಗೋಡೆಯ ಕಲೆಯೋ ಹೇಳುವುದು ಕಷ್ಟ. ಬಸ್ಸು ಹೊರಟಿತೋ, ಎರಡೇ ಕ್ಷಣದಲ್ಲಿ ಗೊತ್ತಾಗುತ್ತದೆ. ಮರ, ಗೋಡೆ, ಮನೆ ಎಲ್ಲ ಹಿಂದಕ್ಕೆ ಓಡುತ್ತವೆ, ಕಲೆ ಮಾತ್ರ ಕಣ್ಣೆದುರೇ ಕೂತಿರುತ್ತದೆ. ಕ್ಯಾಮೆರಾ ಅಲುಗಾಡಿದಾಗಲೂ ಹಾಗೆಯೇ. ದೃಶ್ಯ ಸರಿಯುತ್ತದೆ, ಸೆನ್ಸರ್‌ನ ಕಲೆ ಸರಿಯುವುದಿಲ್ಲ. ಸರಿದದ್ದು ದೃಶ್ಯದ್ದು, ಸರಿಯದೇ ಉಳಿದದ್ದು ಕ್ಯಾಮೆರಾದ್ದು ಅಂತ ಬೇರ್ಪಡಿಸಬಹುದು. 2021ರಲ್ಲಿ ಅಮೆರಿಕದ ರೈಸ್ ವಿಶ್ವವಿದ್ಯಾಲಯದ ವಿಶ್ವನಾಥ್ ಸರಗಡಂ, ಅಶೋಕ್ ವೀರರಾಘವನ್, ರಿಚರ್ಡ್ ಬಾರಾನಿಯುಕ್ ಮೊದಲಾದವರು ಪ್ರಕಟಿಸಿದ ಡೀಪ್‌ಐಆರ್ ವಿಧಾನದ ತಿರುಳು ಇದೇ. ಅಲುಗಾಡಿದ ಕೆಲವೇ ಚಿತ್ರಗಳನ್ನು ತೆಗೆದುಕೊಂಡು, ಚೂಪಾಗಿ ಬದಲಾಗುವ ದೃಶ್ಯ ಒಂದು ಕಡೆ, ನಿಧಾನಕ್ಕೆ ಬದಲಾಗುವ ಕ್ಯಾಮೆರಾ ದೋಷ ಇನ್ನೊಂದು ಕಡೆ ಅಂತ ಬಿಡಿಸುತ್ತದೆ. ಅದರಲ್ಲಿ ನ್ಯೂರಲ್ ನೆಟ್‌ವರ್ಕ್, ಅಂದರೆ ತನ್ನನ್ನು ತಾನೇ ತಿದ್ದಿಕೊಂಡು ಹೊಂದಿಕೊಳ್ಳುವ ಲೆಕ್ಕದ ಜಾಲ ಇದೆ, ಆದರೆ ಅದಕ್ಕೆ ಬೇರೆಯವರ ಲಕ್ಷ ಚಿತ್ರ ತೋರಿಸಿ ಮೊದಲೇ ಪಾಠ ಹೇಳಿರುವುದಿಲ್ಲ. ಕಣ್ಣೆದುರಿನ ಆ ಕೆಲವು ಚಿತ್ರಗಳಿಗೇ ಅದನ್ನು ಹೊಂದಿಸುತ್ತಾರೆ. ಈ ವ್ಯತ್ಯಾಸ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಗದ್ದಲದಲ್ಲಿ ಎರಡು ಬಗೆ ಅಂತ ಈಗ ಗೊತ್ತಾಯಿತಲ್ಲ. ಕಲೆಯಂತೆ ಕೂತಿರುವುದು ಒಂದು, ಪ್ರತಿ ಚಿತ್ರದಲ್ಲೂ ಹೊಸದಾಗಿ ಬರುವ ಮಿಣಮಿಣ ಇನ್ನೊಂದು. ಈ ಎರಡನೆಯದಕ್ಕೆ ಮದ್ದು ಸರಾಸರಿ. 16 ಚಿತ್ರ ಸೇರಿಸಿದರೆ ಮಿಣಮಿಣ ಕಾಲು ಭಾಗಕ್ಕೆ ಇಳಿಯುತ್ತದೆ. 0.05 ಡಿಗ್ರಿ ಇದ್ದದ್ದು 0.0125 ಆಗುತ್ತದೆ. ಈ ಉಳಿತಾಯ ಯಾಕೆ ಮುಖ್ಯ ಅಂದರೆ ಮುಂದಿನ ಹೆಜ್ಜೆಯಲ್ಲಿ ಅದನ್ನೇ ಖರ್ಚು ಮಾಡುತ್ತೇವೆ.

ಆ ಮುಂದಿನ ಹೆಜ್ಜೆಯ ಹೆಸರು ಡೀಕಾನ್ವಲ್ಯೂಷನ್. ಲೆನ್ಸ್ ಪ್ರತಿ ಚುಕ್ಕೆಯನ್ನೂ ಹರಡುತ್ತದೆ ಅಂದೆನಲ್ಲ, ಹೇಗೆ ಹರಡುತ್ತದೆ ಅನ್ನುವುದು ಗೊತ್ತಿದ್ದರೆ ಆ ಹರಡುವಿಕೆಯನ್ನು ಲೆಕ್ಕದಲ್ಲಿ ಹಿಂದಕ್ಕೆ ಸುತ್ತಬಹುದು. ಹಲ್ಲಿಗೂ ಸಂದಿಗೂ ನಿಜವಾಗಿ ನಲವತ್ತು ಡಿಗ್ರಿ ವ್ಯತ್ಯಾಸ ಇದ್ದರೆ, ಲೆನ್ಸ್ ಮತ್ತು ಪಿಕ್ಸೆಲ್ ಎರಡೂ ಸೇರಿ ಅದನ್ನು ನಾಲ್ಕೈದು ಡಿಗ್ರಿಗೆ ಇಳಿಸಿಬಿಡುತ್ತವೆ. ಎಷ್ಟು ಇಳಿಸಿದವು ಅಂತ ಗೊತ್ತಿದೆ, ಅಷ್ಟೇ ಪಟ್ಟು ಮೇಲೆತ್ತಬೇಕು. ತೊಂದರೆ ಏನು ಅಂದರೆ ವಿವರದ ಜೊತೆಗೆ ಗದ್ದಲವೂ ಅಷ್ಟೇ ಪಟ್ಟು ಮೇಲೇಳುತ್ತದೆ. ಸರಾಸರಿ ತೆಗೆದು ಗದ್ದಲವನ್ನು ಮೊದಲೇ ತಗ್ಗಿಸಿದ್ದರೆ ಮಾತ್ರ ಇದು ಸಾಧ್ಯ. ರಿಚರ್ಡ್‌ಸನ್ ಮತ್ತು ಲೂಸಿ 1970ರ ದಶಕದ ಆರಂಭದಲ್ಲಿ ಬೇರೆಬೇರೆಯಾಗಿ ಕಂಡುಕೊಂಡ ಲೆಕ್ಕವನ್ನು ಜನ ಇವತ್ತಿಗೂ ಬಳಸುತ್ತಾರೆ. ಹಬಲ್‌ನ ಕನ್ನಡಿ ತಪ್ಪಾಗಿ ಉಜ್ಜಲಾಗಿದೆ ಅಂತ 1990ರಲ್ಲಿ ಗೊತ್ತಾದಾಗ, 1993ರ ಕೊನೆಗೆ ಗಗನಯಾತ್ರಿಗಳು ಹೋಗಿ ಸರಿಪಡಿಸುವವರೆಗೂ ಖಗೋಳ ವಿಜ್ಞಾನಿಗಳು ಇಂಥ ಲೆಕ್ಕಗಳಿಂದಲೇ ಚಿತ್ರಗಳನ್ನು ತಿದ್ದಿಕೊಂಡರು.

ಲೆನ್ಸ್ ಅನ್ನೇ ಬೇಕಂತ ಕೆಡಿಸುವ ಉಪಾಯವೂ ಒಂದಿದೆ. ಸಾಮಾನ್ಯ ಗಾಜು 10 ಮೈಕ್ರಾನ್ ಬೆಳಕನ್ನು ದಾಟಿಸುವುದಿಲ್ಲ. ಥರ್ಮಲ್ ಕ್ಯಾಮೆರಾವನ್ನು ಕಿಟಕಿಗೆ ಹಿಡಿದರೆ ಹೊರಗಿನದು ಕಾಣದೆ ನಿಮ್ಮದೇ ಪ್ರತಿಬಿಂಬ ಕಾಣುವುದು ಅದಕ್ಕೇ. ಹಾಗಾಗಿ ಜರ್ಮೇನಿಯಂ ಲೆನ್ಸ್ ಬಳಸುತ್ತಾರೆ, ಆದರೆ ಬಿಸಿ ಏರಿದರೆ ಅದರ ಫೋಕಸ್ ತಪ್ಪುತ್ತದೆ. 1995ರಲ್ಲಿ ಡೌಸ್ಕಿ ಮತ್ತು ಕ್ಯಾಥಿ ತೋರಿಸಿದ ವಿಧಾನದಲ್ಲಿ ಲೆನ್ಸ್‌ನ ಎದುರು ವಿಶೇಷ ಆಕಾರದ ಒಂದು ತಟ್ಟೆ ಇಟ್ಟು, ಫೋಕಸ್ ಸರಿಯಿದ್ದರೂ ತಪ್ಪಿದ್ದರೂ ಒಂದೇ ತರಹ ಮಸುಕಾಗುವಂತೆ ಮಾಡುತ್ತಾರೆ. ಮಸುಕು ಒಂದೇ ತರಹ ಇದ್ದರೆ ಒಂದೇ ಲೆಕ್ಕದಿಂದ ತೆಗೆಯಬಹುದು. ಇನ್‌ಫ್ರಾರೆಡ್ ಕ್ಯಾಮೆರಾಗಳಿಗೆ ಇದು ಚೆನ್ನಾಗಿ ಹೊಂದುತ್ತದೆ.

ಇನ್ನು ಒಂದೇ ಪಿಕ್ಸೆಲ್‌ನ ಕ್ಯಾಮೆರಾ. ಇದನ್ನು ಮೊದಲ ಸಲ ಓದಿದಾಗ ನಾನು ದಂಗಾಗಿದ್ದೆ. 2006ರಲ್ಲಿ ಅದೇ ರೈಸ್ ವಿಶ್ವವಿದ್ಯಾಲಯದಲ್ಲಿ ಮಾಡಿದರು. ಅಂಗಡಿಯಲ್ಲಿ ಏಳೆಂಟು ಪೊಟ್ಟಣ ತೂಗಬೇಕು, ತಕ್ಕಡಿ ಸ್ವಲ್ಪ ಅಲ್ಲಾಡುತ್ತದೆ ಅಂದುಕೊಳ್ಳಿ. ಒಂದೊಂದಾಗಿ ತೂಗುವ ಬದಲು ಒಂದು ಸಲ 1, 3, 5, 7 ಸೇರಿಸಿ, ಇನ್ನೊಂದು ಸಲ 1, 2, 5, 6 ಸೇರಿಸಿ, ಹೀಗೆ ಗುಂಪು ಬದಲಿಸಿ ತೂಗಿ, ಆಮೇಲೆ ಲೆಕ್ಕ ಬಿಡಿಸಿದರೆ ಪ್ರತಿ ಪೊಟ್ಟಣದ ತೂಕವೂ ಇನ್ನಷ್ಟು ಸರಿಯಾಗಿ ಸಿಗುತ್ತದೆ. ಇಲ್ಲಿ ಪೊಟ್ಟಣಗಳೆಂದರೆ ದೃಶ್ಯದ ಚೌಕಗಳು. ಪ್ರೊಜೆಕ್ಟರ್‌ನಲ್ಲಿ ಇರುವಂಥ ಲಕ್ಷಗಟ್ಟಲೆ ಪುಟಾಣಿ ಕನ್ನಡಿಗಳ ಚಿಪ್ ಯಾವ ಚೌಕಗಳ ಬೆಳಕು ಡಿಟೆಕ್ಟರ್‌ಗೆ ಹೋಗಬೇಕು ಅಂತ ಆರಿಸುತ್ತದೆ. ಡಿಟೆಕ್ಟರ್ ಒಂದೇ, ಅದು ಹೇಳುವುದು ಒಟ್ಟು ಮೊತ್ತ ಮಾತ್ರ. ನಿಜವಾದ ದೃಶ್ಯಗಳಲ್ಲಿ ಬಹುಪಾಲು ಜಾಗ ಸಪಾಟಾಗಿರುತ್ತದೆ. ಅದನ್ನು ಲೆಕ್ಕಕ್ಕೆ ತಂದರೆ ಚೌಕಗಳ ಸಂಖ್ಯೆಗಿಂತ ಎಷ್ಟೋ ಕಡಿಮೆ ತೂಗಾಟದಲ್ಲಿ ಚಿತ್ರ ಮೂಡುತ್ತದೆ. ಸಿಲಿಕಾನ್‌ಗೆ ಸುಮಾರು 1.1 ಮೈಕ್ರಾನ್‌ನಿಂದ ಆಚೆ ಕಾಣುವುದಿಲ್ಲ, ಅಲ್ಲಿಂದಾಚೆಗಿನ ಸೆನ್ಸರ್‌ಗಳು ಬಹಳ ದುಬಾರಿ, ಹಾಗಾಗಿ ಆ ಬೆಳಕಿಗೆ ಒಂದೇ ಡಿಟೆಕ್ಟರ್ ಸಾಕು ಅನ್ನುವುದು ದೊಡ್ಡ ಉಳಿತಾಯ. 10 ಮೈಕ್ರಾನ್ ಬೆಳಕಿಗೆ ಮಾತ್ರ ಇದು ಸುಲಭಕ್ಕೆ ಒಗ್ಗುವುದಿಲ್ಲ. ಆ ಕನ್ನಡಿಗಳೇ 10 ಮೈಕ್ರಾನ್ ಆಸುಪಾಸಿನವು, ಬೆಳಕಿನ ತರಂಗದಷ್ಟೇ ಇರುವ ಕನ್ನಡಿ ಬೆಳಕನ್ನು ಸರಿಯಾಗಿ ತಿರುಗಿಸದೆ ಚದುರಿಸಿಬಿಡುತ್ತದೆ.

ಇಲ್ಲಿವರೆಗೆ ಹೇಳಿದ್ದರಲ್ಲಿ ಹೊಸ ವಿವರ ಬಂದದ್ದು ಹೊಸ ಅಳತೆಯಿಂದ. ಇನ್ನು ಎರಡು ದಾರಿಗಳಲ್ಲಿ ವಿವರ ಬೇರೆ ಕಡೆಯಿಂದ ಬರುತ್ತದೆ. ಎರಡೂ ಉಪಯುಕ್ತ, ಎರಡರಲ್ಲೂ ಎಚ್ಚರ ಬೇಕು.

ಒಂದು, ಪಕ್ಕದ ಕ್ಯಾಮೆರಾದಿಂದ ಸಾಲ ತರುವುದು. ಹಲವು ಥರ್ಮಲ್ ಕ್ಯಾಮೆರಾಗಳಲ್ಲಿ ಜೊತೆಗೇ ಒಂದು ಸಾಮಾನ್ಯ ಕ್ಯಾಮೆರಾ ಇರುತ್ತದೆ. ಅದರ ಚೂಪು ಅಂಚುಗಳನ್ನು ಥರ್ಮಲ್ ಚಿತ್ರದ ಮೇಲೆ ಬರೆದುಬಿಡುತ್ತಾರೆ. ಪ್ಯಾನೆಲ್ ಮೇಲಿನ ಅಕ್ಷರಗಳೂ ಓದಲು ಸಿಗುತ್ತವೆ, ಯಾವ ಫ್ಯೂಸ್ ಬಿಸಿಯಾಗಿದೆ ಅಂತ ಥಟ್ಟನೆ ಗೊತ್ತಾಗುತ್ತದೆ. ಆದರೆ ಆ ಅಕ್ಷರಗಳನ್ನು ನೋಡಿದ್ದು ಥರ್ಮಲ್ ಕಣ್ಣಲ್ಲ. ಗೆರೆ ಚೂಪಾಗಿದೆ ಅಂತ ಅದರೊಳಗಿನ ಡಿಗ್ರಿ ಲೆಕ್ಕ ಚೂಪಾಗಿರುವುದಿಲ್ಲ. ಉಪಗ್ರಹಗಳಲ್ಲೂ ಇದೇ ಕತೆ. ನಮ್ಮ ಇನ್ಸಾಟ್-3ಡಿ ಸರಣಿಯ ಹವಾಮಾನ ಉಪಗ್ರಹಗಳು ಮಾಮೂಲಿ ಬೆಳಕಿನಲ್ಲಿ 1 ಕಿಲೋಮೀಟರ್ ಚೌಕ ನೋಡಿದರೆ ಥರ್ಮಲ್‌ನಲ್ಲಿ 4 ಕಿಲೋಮೀಟರ್ ಚೌಕ ನೋಡುತ್ತವೆ. 2013ರಲ್ಲಿ ಹಾರಿದ ಲ್ಯಾಂಡ್‌ಸ್ಯಾಟ್ 8 ಮಾಮೂಲಿ ಬಣ್ಣಗಳನ್ನು 30 ಮೀಟರ್‌ನಲ್ಲಿ, ಥರ್ಮಲ್ ಅನ್ನು 100 ಮೀಟರ್‌ನಲ್ಲಿ ಅಳೆಯುತ್ತದೆ. ನಮ್ಮ ಕೈಗೆ ಬರುವಾಗ ಮಾತ್ರ ಥರ್ಮಲ್ ಕೂಡ 30 ಮೀಟರ್ ಚೌಕಗಳಾಗಿ ಹಿಗ್ಗಿ ಬಂದಿರುತ್ತದೆ. ಬೆಂಗಳೂರಿನ ಬಿಸಿಯ ನಕ್ಷೆ ಇದರಿಂದ ಮಾಡಿದ್ದಾದರೆ, ನಮ್ಮ ರಸ್ತೆಗಿಂತ ಪಕ್ಕದ ರಸ್ತೆ ತಂಪು ಅಂತ ಅದರಲ್ಲಿ ಓದುವ ಮುಂಚೆ ಆ 100 ಮೀಟರ್ ನೆನಪಿರಲಿ. ಹಸಿರು ಇರುವ ಕಡೆ ತಂಪು ಅನ್ನುವ ಸಂಬಂಧ ಹಿಡಿದು ಥರ್ಮಲ್ ನಕ್ಷೆಯನ್ನು ಚೂಪು ಮಾಡುವ ವಿಧಾನಗಳೂ ಇವೆ. ಆ ಸಂಬಂಧ ನಿಜವಿರುವ ಕಡೆ ಅವು ಸರಿ. ಬಿಳಿ ಬಣ್ಣ ಬಳಿದ ತಾರಸಿ ಹಸಿರಿಲ್ಲದೆಯೂ ತಂಪಾಗಿರುತ್ತದೆ, ಅಂಥ ಕಡೆ ಲೆಕ್ಕ ಎಡವುತ್ತದೆ.

ಎರಡನೆಯದು, ಕಲಿತ ಯಂತ್ರ. ಸಾವಿರಾರು ಚಿತ್ರಗಳನ್ನು ತೋರಿಸಿ, ಮಸುಕಾದದ್ದು ಹೀಗಿದ್ದರೆ ಚೂಪಾದದ್ದು ಹೀಗಿರುತ್ತದೆ ಅಂತ ನ್ಯೂರಲ್ ನೆಟ್‌ವರ್ಕ್‌ಗೆ ಕಲಿಸುವುದು. ಗದ್ದಲ ತೆಗೆಯಲು, ನೋಡಲು ಹಿತವಾಗಿಸಲು ಇದು ತುಂಬಾ ಒಳ್ಳೆಯದು. ರಾತ್ರಿ ರಸ್ತೆಯಲ್ಲಿ ಅಡ್ಡ ಬಂದದ್ದು ಮನುಷ್ಯನೋ ದನವೋ ಅಂತ ಗುರುತಿಸಬೇಕಾದರೂ ನೆರವಾಗುತ್ತದೆ. ಆದರೆ ಇದು ತುಂಬುವ ವಿವರ ಬೇರೆ ಚಿತ್ರಗಳ ನೆನಪಿನಿಂದ ಬಂದದ್ದು, ಮುಂದಿರುವ ವಸ್ತುವಿನಿಂದಲ್ಲ. ಫೋನಿನಲ್ಲಿ ಸಿಗುವ ಅಂಥ ಒಂದು ಸಾಫ್ಟ್‌ವೇರ್‌ಗೆ ನನ್ನ ಬಾಚಣಿಗೆಯ ಒಂದೇ ಒಂದು ಚಿತ್ರ ಕೊಟ್ಟು ನೋಡಿದೆ. ತುಂಬಾ ಸುಂದರವಾದ, ಅಂಚು ಕೊರೆದಂತಿರುವ ಹಲ್ಲುಗಳನ್ನು ಕೊಟ್ಟಿತು. ಹತ್ತು ಹಲ್ಲು.

ಯಾವುದಾದರೂ ವಿಧಾನ ಹಿಗ್ಗಿಸಿಕೊಟ್ಟ ಚಿತ್ರವನ್ನು ಪರೀಕ್ಷಿಸಲು ಒಂದು ಸುಲಭ ದಾರಿ ಇದೆ. ಹಿಗ್ಗಿಸಿದ್ದನ್ನು ಮತ್ತೆ ಮೂಲದ ಅಳತೆಗೆ ಕುಗ್ಗಿಸಿ, ಮೂಲ ಚಿತ್ರದ ಡಿಗ್ರಿಗಳ ಜೊತೆ ಹೋಲಿಸಿ. ಹೊಂದದಿದ್ದರೆ ಅದು ತಾಪಮಾನವನ್ನೇ ಬದಲಿಸಿದೆ, ಬಿಟ್ಟುಬಿಡಿ. ಹೊಂದಿದರೂ ಸಾಲದು. ಆ ಹತ್ತು ಹಲ್ಲಿನ ಚಿತ್ರವನ್ನು ಕುಗ್ಗಿಸಿದಾಗ ಅದು ಮೂಲಕ್ಕೆ ಬಹಳ ಚೆನ್ನಾಗಿ ಹೊಂದಿತು. ತಪ್ಪು ಮೂಲದಲ್ಲೇ ವೇಷ ಹಾಕಿಕೊಂಡು ಕೂತಿತ್ತಲ್ಲ. ಒಂದೇ ಚಿತ್ರದಿಂದ ಆ ವೇಷ ಕಳಚಲು ಸಾಧ್ಯವೇ ಇಲ್ಲ, ಎರಡನೇ ಚಿತ್ರ ಬೇಕು, ಅದು ಸ್ವಲ್ಪ ಅಲುಗಾಡಿರಬೇಕು.

ಹಾಗಾಗಿ ಮತ್ತೆ ಕಾವಲಿ ಬಿಸಿ ಮಾಡಿ ಗೋಡೆಗೆ ಒರಗಿಸಿದೆ. ಬಾಚಣಿಗೆ ಅದೇ ಜಾಗದಲ್ಲಿ. ಈ ಸಲ ಕ್ಯಾಮೆರಾವನ್ನು ಸುಮ್ನೆ ಕೈಯಲ್ಲಿ ಹಿಡಿದುಕೊಂಡೆ, ಅಲುಗಾಡಬಾರದು ಅಂತ ಉಸಿರು ಬಿಗಿಹಿಡಿಯಲಿಲ್ಲ. ನನ್ನದರಂಥ ಹಲವು ಕ್ಯಾಮೆರಾಗಳು ರಫ್ತು ನಿಯಮದ ಕಾರಣಕ್ಕೆ ಸೆಕೆಂಡಿಗೆ 9ಕ್ಕಿಂತ ಹೆಚ್ಚು ಚಿತ್ರ ಕೊಡುವುದಿಲ್ಲ, 16 ಚಿತ್ರಕ್ಕೆ ಎರಡು ಸೆಕೆಂಡ್ ಬೇಕಾಯಿತು. ಕೈ ಜೋರಾಗಿ ಅಲುಗಿಸಬಾರದು, ಅಟ್ಟಗಳು ಬಿಸಿಯಾಗಿ ತಣ್ಣಗಾಗಲು ಒಂದು ಸೆಕೆಂಡಿನ ನೂರನೇ ಒಂದು ಭಾಗದಷ್ಟು ಸಮಯ ಬೇಕು, ಜೋರಾದರೆ ಚಿತ್ರ ಬಳಿದಂತಾಗುತ್ತದೆ. ಬಣ್ಣ ಬಳಿದ ಚಿತ್ರ ಬಿಟ್ಟು ಪ್ರತಿ ಪಿಕ್ಸೆಲ್‌ನ ಕಚ್ಚಾ ಅಂಕಿಯನ್ನೇ ಉಳಿಸಿಕೊಂಡೆ. ಎಷ್ಟು ಸರಿದಿದೆ ಅಂತ ಹೋಲಿಸುವಾಗ ಬಾಚಣಿಗೆಯ ಹಲ್ಲುಗಳನ್ನು ನಂಬಲಿಲ್ಲ, ಅವು ಉಲ್ಟಾ ಓಡುತ್ತವಲ್ಲ. ಬಾಚಣಿಗೆಯ ದಪ್ಪ ಬೆನ್ನಿನ ಅಂಚನ್ನೂ ಅದರ ಎರಡು ತುದಿಗಳನ್ನೂ ಹಿಡಿದು ಹೋಲಿಸಿದೆ. ಆಮೇಲೆ 16 ಚಿತ್ರಗಳ ಅಳತೆಗಳನ್ನು 320 × 240 ಚೌಕಗಳ ಹಾಳೆಯ ಮೇಲೆ ಹನಿ ಹನಿಯಾಗಿ ಬೀಳಿಸಿ, ಲೆನ್ಸ್‌ನ ಮಸುಕನ್ನು ಸ್ವಲ್ಪವೇ ಹಿಂದಕ್ಕೆ ಸುತ್ತಿದೆ.

ಪರದೆಗೆ ಬೆರಳಿಟ್ಟು ಎಣಿಸಿದೆ. ತೆಳ್ಳಗೆ, ಅಂಚು ಇನ್ನೂ ಸ್ವಲ್ಪ ಮಸುಕು, ಆದರೆ ಬೇರೆಬೇರೆಯಾಗಿ 19 ಹಲ್ಲು. ಇಪ್ಪತ್ತನೆಯದು ಎಲ್ಲಿ ಅಂತ ಕಾವಲಿಯ ಕಡೆ ನೋಡಿದೆ. ಬಾಚಣಿಗೆಯ ಕೊನೆಯ ಹಲ್ಲು ಕಾವಲಿಯ ಅಂಚು ದಾಟಿ ಆಚೆ ಇತ್ತು. ಅದರ ಹಿಂದೆ ಬಿಸಿ ಇರಲಿಲ್ಲ, ತಣ್ಣಗಿನ ಗೋಡೆ ಮಾತ್ರ.